ಎಷ್ಟು ಮೆಗಾಪಿಕ್ಸೆಲ್?

2000ದ ದಶಕದಲ್ಲಿ ಮೊದಲ ಡಿಜಿಟಲ್ ಕ್ಯಾಮೆರಾ ಕೊಳ್ಳಲು ಹೊರಟವರು ಮುಂಬಯಿಯ ಬೋರಾ ಬಜಾರಿಗೆ ಹೋಗಿರಲಿ, ದಿಲ್ಲಿಯ ಕೂಚಾ ಚೌಧರಿಗೆ ಅಥವಾ ಚೆನ್ನೈನ ಬರ್ಮಾ ಬಜಾರಿಗೆ ಹೋಗಿರಲಿ, ಅಂಗಡಿಯವನಿಗೆ ಕೇಳುತ್ತಿದ್ದ ಮೊದಲ ಪ್ರಶ್ನೆ ಒಂದೇ: “ಎಷ್ಟು ಮೆಗಾಪಿಕ್ಸೆಲ್?” ಲೆನ್ಸಿನ ಬಗ್ಗೆ ಕೇಳಿದವರು ಕಡಿಮೆ. ಸೆನ್ಸರ್ ಎಷ್ಟು ದೊಡ್ಡದು ಎಂದು ಕೇಳಿದವರು ಇನ್ನೂ ಕಡಿಮೆ. ಅವರನ್ನು ದೂರುವಂತಿಲ್ಲ. ಡಬ್ಬದ ಮೇಲೆ ದಪ್ಪಕ್ಷರದಲ್ಲಿ ಇದ್ದದ್ದು ಅದೊಂದೇ ಅಂಕಿ. ಕ್ಯಾಮೆರಾ ಹಿಡಿದೇ ಗೊತ್ತಿಲ್ಲದವರಿಗೆ ಎರಡು ಡಬ್ಬಗಳನ್ನು ಹೋಲಿಸಲು ಬೇರೆ ಯಾವ ಅಳತೆಗೋಲೂ ಇರಲಿಲ್ಲ. ಆದರೆ ಆ ಅಂಕಿ ಹೇಳುತ್ತಿದ್ದುದಕ್ಕಿಂತ ಮುಚ್ಚಿಡುತ್ತಿದ್ದುದೇ ಹೆಚ್ಚು.

ಬೆಲೆಚೀಟಿ ಅರ್ಧ ಸತ್ಯ ಹೇಳುವುದು ಕ್ಯಾಮೆರಾ ವ್ಯಾಪಾರದಲ್ಲಿ ಹೊಸದೇನಲ್ಲ. 1888ರಲ್ಲಿ ಜಾರ್ಜ್ ಈಸ್ಟ್‌ಮನ್ ಮಾರುಕಟ್ಟೆಗೆ ತಂದ ಮೊದಲ ಕೊಡಾಕ್ ಕ್ಯಾಮೆರಾದ ಬೆಲೆ 25 ಡಾಲರ್. ನೂರು ಚಿತ್ರಗಳ ಫಿಲ್ಮು ಒಳಗೇ ತುಂಬಿ ಬರುತ್ತಿತ್ತು. ಅದು ಮುಗಿದ ಮೇಲೆ ಕ್ಯಾಮೆರಾವನ್ನೇ ಕಾರ್ಖಾನೆಗೆ ಕಳಿಸಬೇಕು. ಇನ್ನೂ 10 ಡಾಲರ್ ತೆತ್ತರೆ ತೊಳೆದ ಚಿತ್ರಗಳ ಜೊತೆ ಹೊಸ ಫಿಲ್ಮು ತುಂಬಿದ ಕ್ಯಾಮೆರಾ ಮನೆಗೆ ಬರುತ್ತಿತ್ತು. ಹನ್ನೆರಡು ವರ್ಷಗಳ ನಂತರ ಅದೇ ಕಂಪನಿ ಬ್ರೌನಿಯನ್ನು ತಂದಿತು. ರಟ್ಟಿನ ಡಬ್ಬ, ಸಾದಾ ಲೆನ್ಸು, ಬೆಲೆ ಒಂದೇ ಡಾಲರ್. ಮಕ್ಕಳೂ ಹಿಡಿಯಬಹುದು ಎಂಬುದೇ ಅದರ ಜಾಹೀರಾತು. ಮೊದಲ ವರ್ಷದಲ್ಲೇ ಒಂದು ಲಕ್ಷಕ್ಕೂ ಹೆಚ್ಚು ಬ್ರೌನಿಗಳು ಮಾರಾಟವಾದವು. ಆರು ಚಿತ್ರಗಳ ಫಿಲ್ಮಿಗೆ 15 ಸೆಂಟ್. ಅಂದರೆ ಏಳನೆಯ ರೋಲ್ ಕೊಳ್ಳುವಷ್ಟರಲ್ಲಿ ಫಿಲ್ಮಿನ ಖರ್ಚು ಕ್ಯಾಮೆರಾದ ಬೆಲೆಯನ್ನು ದಾಟುತ್ತಿತ್ತು, ತೊಳೆಸುವ ಖರ್ಚು ಬೇರೆ. ಮೂಗಿಗಿಂತ ಮೂಗುತಿ ಭಾರ. ಈಸ್ಟ್‌ಮನ್ ನಿಜವಾಗಿ ಮಾರಲು ಹೊರಟಿದ್ದೂ ಮೂಗುತಿಯನ್ನೇ.

ಭಾರತದಲ್ಲಿ ಒಂದಿಡೀ ತಲೆಮಾರಿನ ಮೊದಲ ಕ್ಯಾಮೆರಾ ಎಂದರೆ ಬರೋಡಾದಲ್ಲಿ ತಯಾರಾಗುತ್ತಿದ್ದ ಆಗ್ಫಾ ಕ್ಲಿಕ್ ತ್ರೀ. ಕಪ್ಪು ಪ್ಲಾಸ್ಟಿಕ್ ಮೈ, ಬಿಸಿಲಿಗೊಂದು ಮೋಡಕ್ಕೊಂದು ಗುರುತು, ಒಂದು ರೋಲಿಗೆ ಹನ್ನೆರಡು ಚೌಕ ಚಿತ್ರ. ಹನ್ನೆರಡೇ ಇದ್ದುದರಿಂದ ಪ್ರತಿ ಚಿತ್ರಕ್ಕೂ ಮನೆಮಂದಿಯೆಲ್ಲ ಸಾಲಾಗಿ, ಉಸಿರು ಬಿಗಿಹಿಡಿದು ನಿಲ್ಲುತ್ತಿದ್ದರು. ರೋಲು ಮುಗಿಯಲು ಒಂದು ಹಬ್ಬವೋ ಎರಡು ಮದುವೆಯೋ ಬೇಕು. ಆಮೇಲೆ ಅದು ಸ್ಟುಡಿಯೋಗೆ ಹೋಗಿ ತೊಳೆದು ಬರಬೇಕು. ಆ ಹೊತ್ತಿಗೆ ಮಸುಕಾಗಿ ಬಂದ ಚಿತ್ರ ಯಾಕೆ ಮಸುಕಾಯಿತು ಎಂದು ತಿಳಿಯುವ ದಾರಿಯೇ ಇರಲಿಲ್ಲ. ಕೈ ಅಲುಗಿತೋ, ಬೆಳಕು ಸಾಲದಾಯಿತೋ, ತೀರ ಹತ್ತಿರ ನಿಂತದ್ದೋ ಯಾರಿಗೂ ನೆನಪಿಲ್ಲ. ದುಡ್ಡು ಕೊಟ್ಟು ತಪ್ಪು ಮಾಡಿದರೂ ಆ ತಪ್ಪಿನಿಂದ ಕಲಿಯಲು ಆಗುತ್ತಿರಲಿಲ್ಲ. ಹೊಸಬರಿಗೆ ಫಿಲ್ಮು ಒಡ್ಡಿದ ದೊಡ್ಡ ಕಷ್ಟ ಇದು. ಖರ್ಚಿನ ಮಾತು ಆಮೇಲಿನದು.

ಡಿಜಿಟಲ್ ಕ್ಯಾಮೆರಾ ಹುಟ್ಟಿದಾಗ ಈ ಕಷ್ಟದ ಬಗ್ಗೆ ಯಾರೂ ಯೋಚಿಸಿದಂತಿಲ್ಲ. 1975ರ ಡಿಸೆಂಬರಿನಲ್ಲಿ ಕೊಡಾಕ್‌ನ ಯುವ ಎಂಜಿನಿಯರ್ ಸ್ಟೀವ್ ಸ್ಯಾಸನ್ ಜೋಡಿಸಿದ ಯಂತ್ರ ಸುಮಾರು ಮೂರೂವರೆ ಕಿಲೋ ತೂಗುತ್ತಿತ್ತು. ನೂರು ಅಡ್ಡಸಾಲು, ನೂರು ಕಂಬಸಾಲು, ಒಟ್ಟು ಹತ್ತು ಸಾವಿರ ಚುಕ್ಕೆಗಳ ಕಪ್ಪುಬಿಳುಪು ಚಿತ್ರ. ಅದನ್ನು ಕ್ಯಾಸೆಟ್ಟಿಗೆ ಇಳಿಸಲು 23 ಸೆಕೆಂಡು. 1994ರಲ್ಲಿ ಆ್ಯಪಲ್ ಮಾರಿದ ಕ್ವಿಕ್‌ಟೇಕ್ 100ರ ಬೆಲೆ 749 ಡಾಲರ್. ಒಳ್ಳೆಯ ಗುಣಮಟ್ಟದಲ್ಲಿ ತೆಗೆದರೆ ಎಂಟೇ ಚಿತ್ರ ಹಿಡಿಯುತ್ತಿತ್ತು, ತೆಗೆದದ್ದನ್ನು ಕ್ಯಾಮೆರಾದಲ್ಲೇ ನೋಡಲು ಪರದೆ ಇರಲಿಲ್ಲ.

ತಿರುವು ಬಂದದ್ದು 1995ರಲ್ಲಿ, ಕ್ಯಾಸಿಯೋ ಕ್ಯೂವಿ-10 ಎಂಬ ಪುಟ್ಟ ಕ್ಯಾಮೆರಾದಿಂದ. ಬೆಲೆ 65,000 ಯೆನ್. ಚಿತ್ರದ ಗುಣಮಟ್ಟ ಹೇಳಿಕೊಳ್ಳುವಂಥದ್ದಲ್ಲ, ಕ್ವಿಕ್‌ಟೇಕ್‌ಗಿಂತಲೂ ಒರಟು. ಆದರೆ ಅದರ ಬೆನ್ನಿಗೆ 1.8 ಇಂಚಿನ ಒಂದು ಪರದೆ ಇತ್ತು. ಗುಂಡಿ ಒತ್ತಿ, ನೋಡಿ, ಸರಿ ಬಾರದಿದ್ದರೆ ಅಳಿಸಿ ಮತ್ತೊಮ್ಮೆ ತೆಗೆಯಬಹುದು. ಇಂದು ಇದನ್ನು ಯಾರೂ ಆವಿಷ್ಕಾರ ಎಂದುಕೊಳ್ಳುವುದಿಲ್ಲ. ಆದರೆ ಹೊಸಬರ ಪಾಲಿಗೆ ಡಿಜಿಟಲ್ ಯುಗ ಶುರುವಾದದ್ದು ಈ ಪರದೆಯಿಂದ. ಅದೇ ಹೊತ್ತಿಗೆ ಜಪಾನಿನಲ್ಲಿ ಎಕ್ಸಿಫ್ ಎಂಬ ಮಾನದಂಡವೂ ಸಿದ್ಧವಾಯಿತು. ಪ್ರತಿ ಚಿತ್ರದ ಜೊತೆ ಷಟರ್ ಎಷ್ಟು ಹೊತ್ತು ತೆರೆದಿತ್ತು, ಅಪರ್ಚರ್ ಎಷ್ಟಿತ್ತು ಎಂಬುದನ್ನು ಕ್ಯಾಮೆರಾ ತಾನೇ ಬರೆದಿಡತೊಡಗಿತು. ಕ್ಲಿಕ್ ತ್ರೀ ಹಿಡಿದವರಿಗೆ ನೆನಪಿರದಿದ್ದ ಸಂಗತಿಯನ್ನು ಈಗ ಯಂತ್ರವೇ ನೆನಪಿಟ್ಟುಕೊಳ್ಳುತ್ತಿತ್ತು. ತಪ್ಪು ಮಾಡುವುದು ಪುಕ್ಕಟೆಯಾಯಿತು, ತಪ್ಪಿಗೆ ಕಾರಣವೂ ಸಿಗತೊಡಗಿತು.

ಇಷ್ಟು ದೊಡ್ಡ ಗುಣವನ್ನು ಡಬ್ಬದ ಮೇಲೆ ಅಂಕಿಯಾಗಿ ಬರೆಯುವುದು ಹೇಗೆ? ಬರೆಯಲು ಬರುವುದಿಲ್ಲ. ಮೆಗಾಪಿಕ್ಸೆಲ್ ಬರೆಯಬಹುದು. ಒಂದು ಮೆಗಾಪಿಕ್ಸೆಲ್ ಎಂದರೆ ಹತ್ತು ಲಕ್ಷ ಚುಕ್ಕೆ. 2000ದ ಸುಮಾರಿಗೆ ಎರಡು ಮೂರು ಮೆಗಾಪಿಕ್ಸೆಲ್ ಇದ್ದ ಸಾಮಾನ್ಯರ ಕ್ಯಾಮೆರಾಗಳು ದಶಕ ಮುಗಿಯುವ ಹೊತ್ತಿಗೆ ಹನ್ನೆರಡು, ಹದಿನಾಲ್ಕಕ್ಕೆ ಏರಿದವು. ಆಲ್ಬಮ್ಮಿಗೆ ಹಾಕುವ ನಾಲ್ಕು-ಆರು ಇಂಚಿನ ಫೋಟೋವನ್ನು ಇಂಚಿಗೆ 300 ಚುಕ್ಕೆಗಳಂತೆ ಅಚ್ಚು ಹಾಕಲು 1200 ಗುಣಿಸು 1800, ಅಂದರೆ ಎರಡು ಮೆಗಾಪಿಕ್ಸೆಲ್ ಚಿಲ್ಲರೆ ಸಾಕು. ಇನ್ನೊಂದು ಲೆಕ್ಕವೂ ಡಬ್ಬದ ಮೇಲೆ ಇರುತ್ತಿರಲಿಲ್ಲ. ಫೋಟೋದ ಉದ್ದ ಅಗಲ ಎರಡೂ ಇಮ್ಮಡಿಯಾಗಬೇಕಾದರೆ ಚುಕ್ಕೆಗಳು ನಾಲ್ಕು ಪಟ್ಟಾಗಬೇಕು. ಎಂಟರಿಂದ ಹತ್ತಕ್ಕೆ ಏರಿದ ಮೆಗಾಪಿಕ್ಸೆಲ್ ಕಣ್ಣಿಗೆ ತೋರುವುದೇ ಇಲ್ಲ. ತೋರುತ್ತಿದ್ದದ್ದು ಬಿಲ್ಲಿನಲ್ಲಿ. ಕೆಲವು ಕಂಪನಿಗಳು ಸೆನ್ಸರಿನಲ್ಲಿ ಇಲ್ಲದ ಚುಕ್ಕೆಗಳನ್ನು ಲೆಕ್ಕಹಾಕಿ ತುಂಬಿಸಿ ಅಂಕಿಯನ್ನು ಹಿಗ್ಗಿಸುತ್ತಿದ್ದವು. ಕೊನೆಗೆ ಜಪಾನಿನ ತಯಾರಕರ ಸಂಘವೇ ಕ್ಯಾಟಲಾಗಿನಲ್ಲಿ ಅಂಕಿಗಳನ್ನು ಹೇಗೆ ನಮೂದಿಸಬೇಕು ಎಂದು ನಿಯಮ ಮಾಡಬೇಕಾಯಿತು. “ಎಫೆಕ್ಟಿವ್ ಪಿಕ್ಸೆಲ್” ಎಂಬ ಮಾತು ಡಬ್ಬಗಳ ಮೇಲೆ ನೆಲೆಯಾದದ್ದು ಹೀಗೆ.

ನಿಜವಾಗಿ ಕೇಳಬೇಕಿದ್ದದ್ದು ಸೆನ್ಸರಿನ ಅಳತೆಯನ್ನು. ಬೆಳಕು ಬೀಳುವ ಗದ್ದೆ ಅದು. ಗದ್ದೆ ಅಷ್ಟೇ ಇದ್ದು ಪೈರನ್ನು ಒತ್ತೊತ್ತಾಗಿ ನೆಡುತ್ತ ಹೋದರೆ ಒಂದೊಂದು ಬುಡಕ್ಕೂ ಸಿಗುವ ಬೆಳಕು ಕಡಿಮೆ. ದೀಪದ ಬೆಳಕಿನಲ್ಲಿ ತೆಗೆದ ಚಿತ್ರದಲ್ಲಿ ಉಪ್ಪು ಮೆಣಸು ಉದುರಿಸಿದಂತೆ ಕಾಳುಕಾಳು ಕಾಣುವುದಕ್ಕೆ ಇದೂ ಒಂದು ಕಾರಣ. ಆದರೆ ಆ ಅಳತೆ ಬರೆಯುತ್ತಿದ್ದ ಭಾಷೆ ಯಾರಿಗೂ ಅರ್ಥವಾಗದಂಥದ್ದು. “1/2.5 ಇಂಚು” ಎಂದು ಓದಿದವರು 10 ಮಿಲಿಮೀಟರ್ ಎಂದು ಲೆಕ್ಕ ಹಾಕಿದರೆ ತಪ್ಪು. ಆ ಸೆನ್ಸರಿನ ಕರ್ಣ ಏಳು ಮಿಲಿಮೀಟರ್ ಚಿಲ್ಲರೆ. ಹಳೆಯ ಟಿವಿ ಕ್ಯಾಮೆರಾಗಳಲ್ಲಿ ವಿಡಿಕಾನ್ ಎಂಬ ಗಾಜಿನ ಕೊಳವೆ ಇರುತ್ತಿತ್ತು. ಕೊಳವೆಯ ಹೊರಮೈಯ ವ್ಯಾಸವನ್ನು ಇಂಚಿನಲ್ಲಿ ಹೇಳುತ್ತಿದ್ದರು. ಒಳಗೆ ಚಿತ್ರ ಮೂಡುವ ಜಾಗ ಅದಕ್ಕಿಂತ ಚಿಕ್ಕದು. ಕೊಳವೆ ಮೂಲೆ ಸೇರಿ ಎಷ್ಟೋ ಕಾಲವಾದರೂ ಅದರ ಇಂಚು ಮಾತ್ರ ಸೆನ್ಸರುಗಳಿಗೆ ಹೆಸರಾಗಿ ಅಂಟಿಕೊಂಡಿತು. ಗೆರೆಯ ಕೆಳಗಿನ ಅಂಕಿ ದೊಡ್ಡದಾದಷ್ಟೂ ಸೆನ್ಸರ್ ಚಿಕ್ಕದು ಎಂಬುದು ಇನ್ನೊಂದು ಗೊಂದಲ.

ಅಂಕಿಯ ಓಟಕ್ಕೆ ತಡೆ ಬಿದ್ದದ್ದು 2009ರಲ್ಲಿ. ಹಿಂದಿನ ವರ್ಷ ಕ್ಯಾನನ್ ತಂದಿದ್ದ ಪವರ್‌ಶಾಟ್ ಜಿ10ರಲ್ಲಿ 14.7 ಮೆಗಾಪಿಕ್ಸೆಲ್ ಇತ್ತು. ಅದರ ಜಾಗಕ್ಕೆ ಬಂದ ಜಿ11ರಲ್ಲಿ ಹತ್ತೇ. ಸೆನ್ಸರಿನ ಗಾತ್ರ ಅಷ್ಟೇ, ಚುಕ್ಕೆಗಳು ಕಡಿಮೆ, ಮಂದ ಬೆಳಕಿನ ಚಿತ್ರಗಳು ಉತ್ತಮ. ಹತ್ತು ವರ್ಷ “ಹೆಚ್ಚಿದ್ದರೆ ಒಳ್ಳೆಯದು” ಎಂದು ಕಲಿಸಿದ ಮೇಲೆ “ಕಡಿಮೆಯೇ ಒಳ್ಳೆಯದು” ಎಂದು ಹೇಳುವುದಕ್ಕೆ ಧೈರ್ಯ ಬೇಕು. ಆದರೆ ಅದು ಅಗ್ಗದ ಕ್ಯಾಮೆರಾ ಆಗಿರಲಿಲ್ಲ, ಈ ಸತ್ಯ ಹೆಚ್ಚು ದುಡ್ಡು ಕೊಡಬಲ್ಲವರಿಗೆ ಮೊದಲು ಸಿಕ್ಕಿತು.

ಕಡಿಮೆ ದುಡ್ಡಿನವರಿಗೆ ಒಳ್ಳೆಯ ಕ್ಯಾಮೆರಾ ಇರಲೇ ಇಲ್ಲ ಎಂದಲ್ಲ. ಅದೇ ಕಂಪನಿ 2003ರಲ್ಲಿ ತಂದ ಪವರ್‌ಶಾಟ್ ಎ60 ಮತ್ತು ಎ70ಗಳನ್ನು ನೋಡಿ. ಒಂದಕ್ಕೆ ಎರಡು, ಇನ್ನೊಂದಕ್ಕೆ ಮೂರು ಮೆಗಾಪಿಕ್ಸೆಲ್. ದಪ್ಪ, ನೋಡಲು ಸಾಧಾರಣ. ಆದರೆ ಷಟರನ್ನೂ ಅಪರ್ಚರನ್ನೂ ಕೈಯಾರೆ ತಿರುಗಿಸಿ ಕಲಿಯಬಹುದಿತ್ತು. ಹಾಕಬೇಕಿದ್ದದ್ದು ಯಾವ ಊರಿನ ಯಾವ ಅಂಗಡಿಯಲ್ಲೂ ಸಿಗುವ ನಾಲ್ಕು ಪೆನ್ಸಿಲ್ ಸೆಲ್. ಇದು ಸಣ್ಣ ಮಾತಲ್ಲ. ಆ ಕಾಲದಲ್ಲಿ ಒಂದೊಂದು ಕಂಪನಿಗೆ ಒಂದೊಂದು ಬ್ಯಾಟರಿ, ಒಂದೊಂದು ಚಾರ್ಜರು. ಕಾರ್ಡುಗಳದ್ದೂ ಅದೇ ಪಾಡು. ಸೋನಿಗೆ ಮೆಮರಿ ಸ್ಟಿಕ್, ಒಲಿಂಪಸ್ ಮತ್ತು ಫ್ಯೂಜಿಗೆ ಎಕ್ಸ್‌ಡಿ, ಮಿಕ್ಕವರಿಗೆ ಕಾಂಪ್ಯಾಕ್ಟ್ ಫ್ಲ್ಯಾಶ್ ಅಥವಾ ಎಸ್‌ಡಿ. ಈಸ್ಟ್‌ಮನ್ನನ ಫಿಲ್ಮಿನ ಮೂಗುತಿ ಈಗ ಕಾರ್ಡಿನ ರೂಪದಲ್ಲಿ ಬಂದಿತ್ತು. ಎಸ್‌ಡಿ ಗೆದ್ದ ಮೇಲೆ ಎಕ್ಸ್‌ಡಿ ಕ್ಯಾಮೆರಾ ಕೊಂಡವರಿಗೆ ಹೊಸ ಕಾರ್ಡು ಹುಡುಕುವುದೇ ಕೆಲಸವಾಯಿತು.

ಲೆನ್ಸ್ ಬದಲಿಸಬಹುದಾದ ದೊಡ್ಡ ಕ್ಯಾಮೆರಾಗಳೂ 2003ರಲ್ಲೇ ಕೆಳಗಿಳಿಯತೊಡಗಿದವು. ಕ್ಯಾನನ್ 300ಡಿ ಲೆನ್ಸಿನ ಸಮೇತ 999 ಡಾಲರಿಗೆ ಬಂತು. ಅದರ ಸೆನ್ಸರಿನ ವಿಸ್ತೀರ್ಣ ಜೇಬಿನ ಕ್ಯಾಮೆರಾದ್ದಕ್ಕಿಂತ ಹತ್ತು ಪಟ್ಟಿಗೂ ಮಿಗಿಲು. ಮೆಗಾಪಿಕ್ಸೆಲ್ ಆರು ಚಿಲ್ಲರೆ, ಅಷ್ಟೇ.

2010ರಲ್ಲಿ ಜಪಾನಿನ ಕಂಪನಿಗಳು ಜಗತ್ತಿಗೆ ಕಳಿಸಿದ ಡಿಜಿಟಲ್ ಕ್ಯಾಮೆರಾಗಳು 12 ಕೋಟಿಗೂ ಹೆಚ್ಚು. 2020ರಲ್ಲಿ ಒಂದು ಕೋಟಿಯೂ ಇಲ್ಲ. ನಡುವೆ ಫೋನು ಬಂದು ಜೇಬಿನ ಕ್ಯಾಮೆರಾದ ಜಾಗ ನುಂಗಿತು. ಹೊಸಬರಿಗೆ ಕ್ಯಾಮೆರಾ ಆರಿಸುವ ಕಷ್ಟವೇ ತಪ್ಪಿತು ಅನ್ನಿಸಿತು. ಆದರೆ “ಎಷ್ಟು ಮೆಗಾಪಿಕ್ಸೆಲ್” ಎಂಬ ಪ್ರಶ್ನೆ ಫೋನಿನ ಡಬ್ಬಕ್ಕೆ ಹತ್ತಿಕೊಂಡು ಈಗ 200ಕ್ಕೆ ಮುಟ್ಟಿದೆ.

ಇತ್ತೀಚೆಗೆ ಹುಡುಗ ಹುಡುಗಿಯರು ಅಪ್ಪ ಅಮ್ಮ ಬೀರುವಿನಲ್ಲಿ ಮರೆತಿಟ್ಟ ಐದಾರು ಮೆಗಾಪಿಕ್ಸೆಲ್ಲಿನ ಹಳೆಯ ಕ್ಯಾಮೆರಾಗಳನ್ನು ಹುಡುಕಿ ತೆಗೆಯುತ್ತಿದ್ದಾರೆ. ಸೆಕೆಂಡ್ ಹ್ಯಾಂಡ್ ಅಂಗಡಿಗಳಲ್ಲಿ ಅವಕ್ಕೆ ಮತ್ತೆ ಗಿರಾಕಿ ಬಂದಿದೆ, ಬೆಲೆಯೂ ಏರಿದೆ. ಅವರು ಕೇಳುವ ಪ್ರಶ್ನೆ ಬೇರೆ: ಬ್ಯಾಟರಿ ನಿಲ್ಲುತ್ತದೆಯೇ, ಕಾರ್ಡು ಸಿಗುತ್ತದೆಯೇ?