ಕಿವಿಯಿಲ್ಲದ ಸೆನ್ಸರ್

ಮನೆಯ ಹೊರಗೋಡೆಗೆ ತೂಗುಹಾಕಿದ ಹವಾಮಾನ ಸೆನ್ಸರ್ ಉಷ್ಣತೆ, ತೇವಾಂಶಗಳನ್ನು ಅಳೆದು ಅರ್ಧ ನಿಮಿಷಕ್ಕೋ ಒಂದು ನಿಮಿಷಕ್ಕೋ ಒಮ್ಮೆ ಒಳಗಿನ ಪರದೆಗೆ ರೇಡಿಯೋ ಅಲೆಯಲ್ಲಿ ಕಳಿಸುತ್ತದೆ. ಯುರೋಪಿನಲ್ಲಿ ಈ ಅಲೆಗಳು ಹೆಚ್ಚಾಗಿ 433 ಅಥವಾ 868 ಮೆಗಾಹರ್ಟ್ಸ್ ಸುತ್ತಮುತ್ತ ಇರುತ್ತವೆ. 2012ರಿಂದೀಚೆಗೆ ಅಗ್ಗದ ಟಿವಿ ಡಾಂಗಲ್ ಮತ್ತು ಕಂಪ್ಯೂಟರ್ ಇದ್ದವರೆಲ್ಲ ಅವನ್ನು ಓದಬಲ್ಲರು. ಹವ್ಯಾಸಿಗಳು ಕಂಪನಿಗಳ ಬೀಗ ಮುರಿದರೆಂದು ಈ ಕಥೆ ಹೇಳುವುದು ರೂಢಿ. ಆದರೆ ಬೀಗವೇ ಇರಲಿಲ್ಲ, ಮತ್ತು ಅದಕ್ಕೆ ಮುಖ್ಯ ಕಾರಣ ಬ್ಯಾಟರಿ ಎಂಬುದು ನನ್ನ ವಾದ.

ಈ ಸೆನ್ಸರಿನ ಹಿರಿಯ ಬಲೂನಿನಲ್ಲಿ ಹಾರಿತ್ತು. ಮೊದಲೆಲ್ಲ ಬಲೂನಿಗೆ ಕಟ್ಟಿದ ಉಪಕರಣ ಎಲ್ಲೋ ಬಿದ್ದು, ಯಾರಿಗೋ ಸಿಕ್ಕಿ, ಮರಳಿ ಬಂದರಷ್ಟೇ ಮೇಲಿನ ಗಾಳಿಯ ಸುದ್ದಿ ತಿಳಿಯುತ್ತಿತ್ತು. 1929ರಲ್ಲಿ ಫ್ರಾನ್ಸಿನ ರೊಬೇರ್ ಬ್ಯೂರೋ, 1930ರ ಜನವರಿ 30ರಂದು ಲೆನಿನ್‌ಗ್ರಾಡ್ ಬಳಿಯ ಪಾವ್ಲೋವ್‌ಸ್ಕ್‌ನಲ್ಲಿ ಪಾವೆಲ್ ಮೊಲ್ಚಾನೊವ್, ಮರುವರ್ಷ ಫಿನ್ಲೆಂಡಿನ ವಿಲ್ಹೋ ವೈಸಾಲ ಹಾರಿಸಿದ ರೇಡಿಯೋಸಾಂಡ್‌ಗಳು ಏರುತ್ತಲೇ ರೇಡಿಯೋದಲ್ಲಿ ಸುದ್ದಿ ಕೊಟ್ಟವು. ಹಗುರವಾಗಿರಬೇಕು, ಕಳೆದುಹೋದರೂ ನಷ್ಟವಾಗಬಾರದು. ಹೀಗಾಗಿ ಅವು ಹೇಳುತ್ತಿದ್ದವು, ಕೇಳುತ್ತಿರಲಿಲ್ಲ. ಮನೆಯ ಸೆನ್ಸರಿನ ಲೆಕ್ಕಾಚಾರವೂ ಅದೇ. ಕೇಳಬೇಕಾದರೆ ಎಚ್ಚರವಾಗಿ ಕಾಯಬೇಕು, ಬ್ಯಾಟರಿ ಬೇಗ ಮುಗಿಯುತ್ತದೆ. ಕ್ಷಣಕಾಲ ಎದ್ದು, ಮಿಡಿತಗಳ ನಡುವಿನ ಬಿಡುವನ್ನು ಹೆಚ್ಚುಕಡಿಮೆ ಮಾಡಿ ಸೊನ್ನೆ-ಒಂದುಗಳನ್ನು ಹೇಳಿ ಮಲಗುವ ಯಂತ್ರಕ್ಕೆ ಒಂದೆರಡು ಸಣ್ಣ ಸೆಲ್ ವರ್ಷಕ್ಕೂ ಮೀರಿ ಬಂದೀತು. ಕೇಳದ ಯಂತ್ರ ಪರದೆಯೊಂದಿಗೆ ಗುಟ್ಟಿನ ಕೀಲಿ ಗೊತ್ತುಮಾಡಿಕೊಳ್ಳಲಾರದು, ಹಾಗಾಗಿ ಬೀಗವೂ ಇಲ್ಲ. ಹಾಗಾದರೆ ಕಾರಿನ ರಿಮೋಟ್ ಕೂಡ ಒಮ್ಮುಖವೇ, ಅದಕ್ಕೆ ಗುಪ್ತಲಿಪಿ ಇಲ್ಲವೇ ಎಂದು ಕೇಳಬಹುದು. ಇದೆ, ಕಾರು ಕಳುವಾಗುತ್ತದಲ್ಲ! ಪಕ್ಕದ ಮನೆಯ ಅಂಗಳದ ಉಷ್ಣತೆ ಕದ್ದು ಯಾರೂ ಶ್ರೀಮಂತರಾಗಲಿಲ್ಲ. ಮಿತವ್ಯಯಕ್ಕೆ ಉಪೇಕ್ಷೆಯೂ ಜೊತೆಗೂಡಿತು.

ಅಂದಮೇಲೆ 2012ರ ಹೆಚ್ಚುಗಾರಿಕೆ ಏನು? ಆರ್‌ಟಿಎಲ್2832ಯು ಎಂಬ ಟಿವಿ ಚಿಪ್ಪು ಎಫ್‌ಎಂ ಕೇಳಿಸುವಾಗ ಅಲೆಯನ್ನು ತಾನೇ ಬಿಡಿಸದೆ ಹಸಿ ಮಾದರಿಗಳಾಗಿ ಕಂಪ್ಯೂಟರಿಗೆ ಸುರಿಯುವುದನ್ನು ಫಿನ್ಲೆಂಡಿನ ಆಂಟಿ ಪಾಲೊಸಾರಿ ಗಮನಿಸಿದರು. ಓಸ್ಮೊಕಾಮ್ ಬಳಗ ಅದಕ್ಕೆ ತಂತ್ರಾಂಶ ಬರೆಯಿತು. ಅದಕ್ಕೆ ಮುಂಚೆಯೂ ಅಗ್ಗದ ರಿಸೀವರ್ ಬೋರ್ಡುಗಳಿಂದ ಒಂದೊಂದು ಬ್ರ್ಯಾಂಡಿನ ಸೆನ್ಸರನ್ನು ಓದಿದವರಿದ್ದರು. ಬೆಂಜಮಿನ್ ಲಾರ್ಸನ್ ಆರಂಭಿಸಿದ ಆರ್‌ಟಿಎಲ್_433 ತಂತ್ರಾಂಶ ಈ ಚದುರಿದ ತಿಳಿವಳಿಕೆಯನ್ನು ಒಂದೆಡೆ ಕೂಡಿಹಾಕಿತು. ಇಂದು ಅದು 200ಕ್ಕೂ ಹೆಚ್ಚು ಬಗೆಯ ಸಾಧನಗಳನ್ನು ಗುರುತಿಸುತ್ತದೆ. ತೆರೆದದ್ದಲ್ಲ, ಒಟ್ಟುಗೂಡಿಸಿದ್ದೇ ಅದರ ಸಾಧನೆ.

ಇದು ಕದ್ದಾಲಿಕೆಯಲ್ಲವೇ ಎಂಬ ಆಕ್ಷೇಪವನ್ನು ಮಾತ್ರ ನಗುತ್ತ ತಳ್ಳಿಹಾಕುವಂತಿಲ್ಲ. ಇದೇ ಡಾಂಗಲ್ಲಿಗೆ ಕಾರಿನ ಟೈರಿನ ಒತ್ತಡ ಹೇಳುವ ಸೆನ್ಸರುಗಳೂ ಸಿಗುತ್ತವೆ. ಟೈರಿನೊಳಗೆ ಮುಚ್ಚಿಹೋದ ಸೆಲ್ಲು ವರ್ಷಗಟ್ಟಲೆ ಬಾಳಬೇಕಾದ್ದರಿಂದ ಅಲ್ಲಿಯೂ ಇದೇ ಮಿತವ್ಯಯ. ಸುಮಾರು 40 ಮೀಟರ್ ದೂರದಿಂದಲೂ ಅವನ್ನು ಹಿಡಿಯಬಹುದೆಂದು ಅಮೆರಿಕದ ಸಂಶೋಧಕರು 2010ರಲ್ಲೇ ತೋರಿಸಿದ್ದರು. ಹವಾಮಾನ ಸೆನ್ಸರುಗಳಲ್ಲಿ ಹಲವು ಬ್ಯಾಟರಿ ಬದಲಿಸಿದಾಗಲೆಲ್ಲ ಹೊಸ ಗುರುತಿನ ಸಂಖ್ಯೆ ತಳೆಯುತ್ತವೆ. ಟೈರಿನ ಸೆನ್ಸರಿನದು ಬದಲಾಗುವುದಿಲ್ಲ, ಕಾರು ಹೋದಲ್ಲೆಲ್ಲ ಅದೇ ಸಂಖ್ಯೆ ಸಾರುತ್ತದೆ.