ಗೋಡೆ ಕೊರೆದ ಮೇಲೆ

ಚಿಕ್ಕನರಗುಂದದ ಸುತ್ತಿನ ಎರೆಸೀಮೆಯ ಮಣ್ಣಿನ ಮಾಳಿಗೆ ಮನೆಗಳನ್ನು ಬೇಸಿಗೆಗೆ ತಂಪು ಎಂದಷ್ಟೇ ಹೊಗಳುವುದು ವಾಡಿಕೆ. ಬೆಂಕಿಯ ಲೆಕ್ಕದಲ್ಲೂ ಅವು ಗಟ್ಟಿ ಮನೆಗಳೇ. ತೊಲೆ, ಜಂತಿ ಎಲ್ಲ ಕಟ್ಟಿಗೆಯವು, ನಿಜ. ಆದರೆ ಮೇಲೆ ಹೇರಿದ ಮಣ್ಣು, ಎರಡು ಮನೆಗಳ ನಡುವಿನ ದಪ್ಪ ಗೋಡೆ ಕಿಡಿಯನ್ನು ಸುಲಭಕ್ಕೆ ದಾಟಗೊಡುತ್ತಿರಲಿಲ್ಲ. ಹುಲ್ಲು ಹೊದಿಸಿದ ಊರಲ್ಲಿ ಒಂದು ಮನೆಗೆ ಹತ್ತಿದ್ದು ಓಣಿಯನ್ನೇ ನುಂಗಬಲ್ಲದು. ಇಲ್ಲಿ ಒಲೆಯ ಹೊಗೆ ಹೋಗುವ ಬೆಳಕಿಂಡಿ ತೆರೆದಿದ್ದುದು ಆಕಾಶಕ್ಕೆ, ಪಕ್ಕದ ಕೋಣೆಗಲ್ಲ. ಇದೆಲ್ಲ ಬೆಂಕಿಗೆ ಹೆದರಿಯೇ ಕಟ್ಟಿದ್ದು ಎಂದರೆ ಉತ್ಪ್ರೇಕ್ಷೆಯಾದೀತು. ಬಯಲುಸೀಮೆಯಲ್ಲಿ ಮರ ಕಡಿಮೆ, ಮಣ್ಣು ಧಾರಾಳ, ಕಳ್ಳರ ಭಯ ಬೇರೆ. 1666ರಲ್ಲಿ ಸುಟ್ಟುಹೋದ ಲಂಡನ್ನಿಗೆ ಇಟ್ಟಿಗೆ, ಕಲ್ಲಿನ ಗೋಡೆ ಬೇಕೆಂದು ಹೇಳಲು ಕಾನೂನೇ ಬರಬೇಕಾಯಿತು. ಎರೆಸೀಮೆಯಲ್ಲಿ ಆ ಕೆಲಸವನ್ನು ಮಣ್ಣು ಮಾಡಿತ್ತು.

ಈಗ ಗ್ಯಾಸ್ ಪೈಪಿಗೆಂದು ಗೋಡೆ ಕೊರೆಯುವಾಗ, ಸಿಮೆಂಟಿನ ಮನೆ ಸುಡುವುದಿಲ್ಲವಲ್ಲ, ಮತ್ತೇಕೆ ಚಿಂತೆ ಎನ್ನುವವರಿದ್ದಾರೆ. ಗೋಡೆ ಸುಡುವುದಿಲ್ಲ, ಒಪ್ಪೋಣ. ಅದರ ತೂತಿನ ಕಥೆ ಬೇರೆ. 2010ರ ಫೆಬ್ರವರಿ 23ರಂದು ಬೆಂಗಳೂರಿನ ಕಾರ್ಲ್‌ಟನ್ ಟವರ್ಸ್‌ನಲ್ಲಿ ಒಂಬತ್ತು ಜನ ಸತ್ತರು. ಬೆಂಕಿ ಹುಟ್ಟಿದ್ದು ವಿದ್ಯುತ್ ತಂತಿಗಳ ಕೊಳವೆಯಲ್ಲಿ; ಅದೇ ದಾರಿ ಹಿಡಿದು ಹೊಗೆ ಮಹಡಿಗಳನ್ನು ತುಂಬಿತು. ಉಸಿರುಗಟ್ಟಿದವರಲ್ಲಿ ಕೆಲವರು ಕಿಟಕಿಯಿಂದ ಹಾರಿದರು. ಅಲ್ಲಿದ್ದದ್ದು ತಂತಿ, ಅನಿಲವಲ್ಲ ಎಂಬುದು ಸರಿಯಾದ ಆಕ್ಷೇಪ. ಆದರೆ ತಂತಿಗೆ ಬಿಟ್ಟ ಸಂದಿಯಲ್ಲಿ ನುಗ್ಗುವ ಹೊಗೆ, ಗ್ಯಾಸ್ ಪೈಪಿಗೆ ಬಿಟ್ಟ ಸಂದಿಯಲ್ಲೂ ನುಗ್ಗುತ್ತದೆ. ಮೇಲಾಗಿ ಸೋರಿದ ಅನಿಲವೂ ಅಲ್ಲಿಂದಲೇ ಹರಿಯುತ್ತದೆ. 1970ರಲ್ಲಿ ಮೊದಲು ಬಂದು 2016ರಲ್ಲಿ ಪರಿಷ್ಕೃತವಾದ ರಾಷ್ಟ್ರೀಯ ಕಟ್ಟಡ ಸಂಹಿತೆ ಬೆಂಕಿ ತಡೆವ ಗೋಡೆಯ ಇಂಥ ಸಂದಿಗಳನ್ನು ಮುಚ್ಚಲು ಹೇಳುವುದು ಇದಕ್ಕೇ.

ಹಾಗಾದರೆ ಪೈಪಿನ ಸುತ್ತ ಸಿಮೆಂಟ್ ಮೆತ್ತಿದರಾಯಿತೇ? ಮೇಸ್ತ್ರಿಗಳು ಸಾಮಾನ್ಯವಾಗಿ ಮಾಡುವುದು ಅದನ್ನೇ. ಎರೆಮಣ್ಣಿನ ಊರಿಗೆ ಅದು ಒಗ್ಗದು. ಮಳೆಗೆ ಉಬ್ಬಿ ಬೇಸಿಗೆಗೆ ಬಾಯಿಬಿಡುವ ಈ ನೆಲದ ಮೇಲೆ ಗೋಡೆ ಅಲುಗುತ್ತದೆ. ಬಿಗಿಯಾಗಿ ಹೂತ ಪೈಪು ಆ ಎಳೆತಕ್ಕೆ ಸಿಕ್ಕಿ ಸೋರಬಹುದು. ಗೋಡೆಯಲ್ಲಿ ಮೊದಲು ದೊಡ್ಡ ಕೊಳವೆಯೊಂದನ್ನು ಕೂಡಿಸಿ, ಅದರ ಸುತ್ತ ಗಾರೆ ತುಂಬಿ, ಒಳಗಿಂದ ಗ್ಯಾಸ್ ಪೈಪು ಹಾಯಿಸಬೇಕು. ಪೈಪಿಗೂ ಕೊಳವೆಗೂ ನಡುವಿನ ಸಂದಿಗೆ ಬೆಂಕಿ ತಡೆಯುವ, ಬಾಗಬಲ್ಲ ವಸ್ತು ಬೇಕು. ಹೊರಗೋಡೆಯಾದರೆ ಒಳತುದಿ ಮುಚ್ಚಿ ಹೊರತುದಿ ತೆರೆದಿಟ್ಟರೆ, ಸೋರಿದ ಅನಿಲ ಗೋಡೆಯೊಳಗೆ ಕೂರದೆ ಬಯಲಿಗೆ ಹೋಗುತ್ತದೆ.

ಇದು ಬಹುಮಹಡಿಗಳ ಉಸಾಬರಿ, ಹಳ್ಳಿಗಲ್ಲ ಎಂಬ ಮಾತು ಅರ್ಧ ಸತ್ಯ. ಗೋಡೆ ದಾಟುವ ಪೈಪೇ ಇಲ್ಲದ ಒಂಟಿ ಮನೆಗೆ ಇಷ್ಟೆಲ್ಲ ಬೇಡ. ಸಿಲಿಂಡರ್‌ಗಳನ್ನು ಹೊರಗಿಟ್ಟು ಪೈಪಿನಲ್ಲಿ ಅಡುಗೆಮನೆಗೆ ಅನಿಲ ತರುವ ಕಲ್ಯಾಣ ಮಂಟಪ, ಹಾಸ್ಟೆಲ್‌ಗಳಿಗೆ ಬೇಕೇ ಬೇಕು. ಅಂಥ ಕಟ್ಟಡ ಕಟ್ಟಿಸುವವರು ಗಿಲಾವು ಮಾಡುವ ಮೊದಲೇ ಆ ಸಂದಿಯನ್ನು ಕಣ್ಣಾರೆ ನೋಡಿ, ಆಮೇಲೆ ಬಿಲ್ಲು ಚುಕ್ತಾ ಮಾಡಲಿ.