ಮೊಣಕಾಲಿನ ಲಿಗಮೆಂಟ್ ಗಾಯದ ಬಳಿಕ ಕಣಕ್ಕೆ ಮರಳುವಿಕೆ: ಚರಿತ್ರೆ

ತೊಡೆಮೂಳೆಯನ್ನು ಕಣಕಾಲಿನ ಮೂಳೆಗೆ ಬಿಗಿದು ಹಿಡಿಯುವ ನಾಲ್ಕು ಮುಖ್ಯ ಲಿಗಮೆಂಟ್‌ಗಳಲ್ಲಿ ಆಟಗಾರರನ್ನು ಅತಿ ಹೆಚ್ಚು ಕಾಡುವುದು ಎಸಿಎಲ್ (ಆಂಟೀರಿಯರ್ ಕ್ರೂಶಿಯೇಟ್ ಲಿಗಮೆಂಟ್). ಓಡುತ್ತಿದ್ದವರು ಗಕ್ಕನೆ ನಿಂತಾಗ, ಪಾದ ನೆಲಕ್ಕೆ ಕಚ್ಚಿಕೊಂಡಿದ್ದು ಮೈ ಮಾತ್ರ ತಿರುಗಿದಾಗ ಅದು ಹರಿಯುತ್ತದೆ. ಲಟಕ್ಕೆಂದು ಸದ್ದಾಯಿತೆಂದು ಅನೇಕರು ಹೇಳುತ್ತಾರೆ. ಕೆಲವೇ ತಾಸುಗಳಲ್ಲಿ ಮೊಣಕಾಲು ಬಾತುಕೊಳ್ಳುತ್ತದೆ. ಈ ಗಾಯದಿಂದ ಎದ್ದುಬಂದವರ ಚರಿತ್ರೆ ಬರೆಯುವಾಗ ದೊಡ್ಡ ತೊಡಕು ದಿನಾಂಕಗಳದ್ದು. ವೈದ್ಯರು ಒಪ್ಪಿಗೆ ಕೊಟ್ಟ ದಿನ, ಮೊದಲ ಪಂದ್ಯದ ದಿನ, ಹಳೆಯ ಆಟ ಮತ್ತೆ ಕಂಡ ದಿನ ಇವು ಮೂರೂ ಬೇರೆಬೇರೆ. ಲೇಖಕರು ತಮಗೆ ಅನುಕೂಲವಾದದ್ದನ್ನು ಆರಿಸಿಕೊಳ್ಳುತ್ತಾರೆ.

ಶಸ್ತ್ರಚಿಕಿತ್ಸೆಯ ಆರಂಭದಲ್ಲೂ ಇದೇ ಗೊಂದಲವಿದೆ. ಇಂಗ್ಲೆಂಡಿನ ಲೀಡ್ಸ್‌ನಲ್ಲಿ ಮೇಯೊ ರಾಬ್ಸನ್ ಹರಿದ ಲಿಗಮೆಂಟ್‌ಗಳಿಗೆ ಹೊಲಿಗೆ ಹಾಕಿದ್ದು 1895ರಲ್ಲಿ, ಅದನ್ನು ಪ್ರಕಟಿಸಿದ್ದು 1903ರಲ್ಲಿ. ಅಷ್ಟರೊಳಗೆ, 1900ರಲ್ಲೇ, ಲಂಡನ್ನಿನ ವಿಲಿಯಂ ಬ್ಯಾಟಲ್ ತನ್ನ ವರದಿ ಹೊರತಂದಿದ್ದ. ಆದ್ದರಿಂದ ಮೊದಲಿಗ ಯಾರೆಂಬ ಪ್ರಶ್ನೆಗೆ ಎರಡು ಉತ್ತರಗಳಿವೆ. ರಾಬ್ಸನ್‌ನ ರೋಗಿ ಆಟಗಾರನಲ್ಲ, ಗಣಿ ಕಾರ್ಮಿಕ. 1917ರಲ್ಲಿ ಹೇ ಗ್ರೋವ್ಸ್ ಹೊಲಿಗೆಯನ್ನು ಬಿಟ್ಟು, ತೊಡೆಯ ಪಟ್ಟಿಯೊಂದನ್ನು ಬಳಸಿ ಹೊಸ ರಜ್ಜು ಕಟ್ಟುವ ದಾರಿ ತೋರಿಸಿದ. ಕೀಲಿನೊಳಗೆ ಇಳಿಸುವ ದರ್ಶಕ ನಳಿಕೆಯ (ಆರ್ತ್ರೋಸ್ಕೋಪ್) ಮೂಲಕ ಇದೇ ಕೆಲಸ ಮಾಡುವ ವಿಧಾನ 1980ರ ದಶಕದಲ್ಲಿ ಬಂತು.

ಕರ್ನಾಟಕದ ಮಟ್ಟಿಗೆ ಮೊದಲು ನಿಲ್ಲಬೇಕಾದದ್ದು ಬ್ಯಾಡ್ಮಿಂಟನ್ ಆಟಗಾರ ಪುಲ್ಲೇಲ ಗೋಪಿಚಂದ್ ಬಳಿ. ಅವರು ಆಂಧ್ರದವರಾದರೂ ಪಳಗಿದ್ದು ಬೆಂಗಳೂರಿನ ಅಂಕಣಗಳಲ್ಲಿ. 1994ರಲ್ಲಿ, ಪುಣೆಯ ರಾಷ್ಟ್ರೀಯ ಕ್ರೀಡಾಕೂಟದ ಡಬಲ್ಸ್ ಪಂದ್ಯದಲ್ಲಿ ಕಾಲಿಗೆ ಪೆಟ್ಟಾಗಿ ಒಂದಕ್ಕಿಂತ ಹೆಚ್ಚು ಸಲ ಶಸ್ತ್ರಚಿಕಿತ್ಸೆ ಮಾಡಿಸಿಕೊಳ್ಳಬೇಕಾಯಿತು. ಅವರು ಮರಳಿದ್ದು ಯಾವಾಗ? 1996ರಲ್ಲಿ ರಾಷ್ಟ್ರೀಯ ಚಾಂಪಿಯನ್ ಆದಾಗ ಎನ್ನಬಹುದು. 2001ರ ಮಾರ್ಚ್‌ನಲ್ಲಿ ಚೀನಾದ ಚೆನ್ ಹಾಂಗ್‌ರನ್ನು 15-12, 15-6ರಿಂದ ಸೋಲಿಸಿ ಆಲ್ ಇಂಗ್ಲೆಂಡ್ ಗೆದ್ದಾಗ ಎಂದು ಹೇಳುವವರೇ ಹೆಚ್ಚು. ಈ ಎರಡು ಉತ್ತರಗಳ ನಡುವೆ ಐದು ವರ್ಷಗಳ ದುಡಿಮೆ ಮರೆಯಾಗಿಬಿಡುತ್ತದೆ.

ಕಬಡ್ಡಿಯ ದಾಖಲೆ ಇದಕ್ಕಿಂತ ಸ್ಪಷ್ಟ. ಪ್ರೊ ಕಬಡ್ಡಿ ಲೀಗ್‌ನಲ್ಲಿ ಬೆಂಗಳೂರು ಬುಲ್ಸ್‌ಗೆ ಪ್ರಶಸ್ತಿ ತಂದಿದ್ದ ಪವನ್ ಸೆಹ್ರಾವತ್ 2022ರ ಅಕ್ಟೋಬರ್ 8ರಂದು ಕಂಠೀರವ ಒಳಾಂಗಣ ಕ್ರೀಡಾಂಗಣದಲ್ಲಿ ತಮಿಳ್ ತಲೈವಾಸ್ ಪರ ಮೊದಲ ಪಂದ್ಯಕ್ಕೆ ಇಳಿದರು. ಕೆಲವೇ ನಿಮಿಷಗಳಲ್ಲಿ, ಎದುರಾಳಿ ರೈಡರ್‌ನನ್ನು ಹಿಡಿಯಲು ಹೋಗಿ ಮೊಣಕಾಲು ಕೈಕೊಟ್ಟಿತು; ಇಡೀ ಋತು ಹೋಯಿತು. 2023ರ ಜೂನ್‌ನಲ್ಲಿ ಬೂಸಾನ್‌ನ ಏಷ್ಯನ್ ಚಾಂಪಿಯನ್‌ಶಿಪ್‌ನಲ್ಲಿ ಭಾರತದ ನಾಯಕನಾಗಿ ಬಂದರು. ಅದೇ ವರ್ಷ ಅಕ್ಟೋಬರ್ 7ರಂದು, ಅಂದರೆ ಗಾಯಕ್ಕೆ ವರ್ಷ ತುಂಬಲು ಒಂದು ದಿನ ಬಾಕಿ ಇರುವಾಗ, ಹಾಂಗ್‌ಝೌ ಏಷ್ಯನ್ ಗೇಮ್ಸ್ ಫೈನಲ್. ಅಂಕ 28-28 ಆಗಿದ್ದಾಗ ಪಂದ್ಯವನ್ನು ವಿವಾದದಲ್ಲಿ ನಿಲ್ಲಿಸಿದ್ದು ಪವನ್ ಅವರದೇ ರೈಡ್. ಕೊನೆಗೆ ಭಾರತ ಇರಾನ್ ವಿರುದ್ಧ 33-29ರಿಂದ ಗೆದ್ದಿತು. ಮುಂದಿನ ಹರಾಜಿನಲ್ಲಿ ತೆಲುಗು ಟೈಟಾನ್ಸ್ ಅವರಿಗೆ ಕೊಟ್ಟ ಬೆಲೆ 2.605 ಕೋಟಿ ರೂಪಾಯಿ.

ಕ್ರಿಕೆಟಿಗ ರಿಷಭ್ ಪಂತ್ ಪ್ರಕರಣ ಇನ್ನೂ ವಿವರವಾಗಿ ದಾಖಲಾಗಿದೆ. 2022ರ ಡಿಸೆಂಬರ್ 30ರ ಕಾರು ಅಪಘಾತ, ಮುಂಬೈಯಲ್ಲಿ ಬಲ ಮೊಣಕಾಲಿನ ಶಸ್ತ್ರಚಿಕಿತ್ಸೆ, ಬೆಂಗಳೂರಿನ ರಾಷ್ಟ್ರೀಯ ಕ್ರಿಕೆಟ್ ಅಕಾಡೆಮಿಯಲ್ಲಿ ತಿಂಗಳುಗಟ್ಟಲೆ ಪುನಶ್ಚೇತನ. ಕ್ರಿಕೆಟ್ ಮಂಡಳಿ 2024ರ ಮಾರ್ಚ್ 12ರಂದು ಒಪ್ಪಿಗೆ ಕೊಟ್ಟಿತು, ಮಾರ್ಚ್ 23ರಂದು ಅವರು ಐಪಿಎಲ್ ಆಡಿದರು. ಆದರೆ ಗಮನಿಸಬೇಕಾದದ್ದು ಆ ಅಕ್ಟೋಬರ್‌ನ ಚಿನ್ನಸ್ವಾಮಿ ಟೆಸ್ಟ್. ವಿಕೆಟ್ ಹಿಂದೆ ನಿಂತಿದ್ದಾಗ ಜಡೇಜಾ ಎಸೆದ ಚೆಂಡು ಶಸ್ತ್ರಚಿಕಿತ್ಸೆಯಾದ ಮೊಣಕಾಲಿಗೇ ಬಡಿಯಿತು. ಬಾವು ಬಂದು ಪಂತ್ ಹೊರನಡೆದರು, ಕೀಪಿಂಗ್‌ಗೆ ಧ್ರುವ್ ಜುರೆಲ್ ಬಂದರು. ಎರಡನೇ ಇನ್ನಿಂಗ್ಸ್‌ನಲ್ಲಿ ಅದೇ ಕಾಲಿನ ಮೇಲೆ ನಿಂತು ಪಂತ್ 99 ರನ್ ಹೊಡೆದರು. ಹೊಸ ರಜ್ಜಿಗೆ ನಿಜವಾದ ಪರೀಕ್ಷೆಯಾದದ್ದು ಅಂದೇ ಎನ್ನಬೇಕು.

ಕಾಯುವ ಕಾಲದ ಬಗ್ಗೆ ಈಚೆಗೆ ದೃಢ ಆಧಾರ ಸಿಕ್ಕಿದೆ. ಕಸಿ ಮಾಡಿದ ಸ್ನಾಯುರಜ್ಜು ಮೊದಲ ತಿಂಗಳುಗಳಲ್ಲಿ ದುರ್ಬಲವಾಗಿ, ಹೊಸ ರಕ್ತನಾಳಗಳು ಬೆಳೆದ ಮೇಲೆ ನಿಧಾನವಾಗಿ ಗಟ್ಟಿಯಾಗುತ್ತದೆ. ನೋವು ಅದಕ್ಕೆ ಎಷ್ಟೋ ಮೊದಲೇ ಹೋಗಿರುತ್ತದೆ, ಅಪಾಯ ಇರುವುದೇ ಅಲ್ಲಿ. 2016ರ ನಾರ್ವೆ-ಅಮೆರಿಕ ಅಧ್ಯಯನದ ಪ್ರಕಾರ ಒಂಬತ್ತು ತಿಂಗಳವರೆಗೆ ಮರಳುವಿಕೆಯನ್ನು ಮುಂದೂಡಿದ ಪ್ರತಿ ತಿಂಗಳಿಗೂ ಮರುಗಾಯದ ಪ್ರಮಾಣ ಸುಮಾರು ಅರ್ಧದಷ್ಟು ತಗ್ಗುತ್ತದೆ. 2014ರ ಒಂದು ಸಮೀಕ್ಷೆಯಲ್ಲಿ ಯಾವುದಾದರೂ ಆಟಕ್ಕೆ ಮರಳಿದವರು ಶೇ. 81, ಸ್ಪರ್ಧಾತ್ಮಕ ಆಟಕ್ಕೆ ಮರಳಿದವರು ಶೇ. 55 ಮಾತ್ರ.

ಊರಿನ ಆಟಗಾರರತ್ತ ಬಂದರೆ, ಯಾದಗಿರಿ, ಶಹಾಪುರ, ಸುರಪುರದ ಕಡೆ ಈ ಗಾಯ ಆಗುವುದು ಕಬಡ್ಡಿ ಅಂಕಣದಲ್ಲಿ ಮತ್ತು ಜಾತ್ರೆಯ ಕುಸ್ತಿ ಕಣದಲ್ಲಿ. ಉಳುಕು ಎಂದುಕೊಂಡು ಎಣ್ಣೆ ತಿಕ್ಕಿಸಿದರೆ ಕೆಲವು ವಾರಗಳಲ್ಲಿ ಬಾವು ಇಳಿಯುತ್ತದೆ, ನೇರವಾಗಿ ನಡೆಯಲು ತೊಂದರೆ ಇರುವುದಿಲ್ಲ. ತಿರುಗಿದಾಗ ಮಾತ್ರ ಮೊಣಕಾಲು ಜಾರುತ್ತದೆ, ಜಾರಿದಾಗಲೆಲ್ಲ ಒಳಗಿನ ಮೆತ್ತೆ ಹರಿಯುವ ಭಯ. ಇದನ್ನು ಪತ್ತೆ ಮಾಡಲು ಎಂಆರ್‌ಐಗಾಗಿ ಕಲಬುರಗಿಗೋ ಹೈದರಾಬಾದಿಗೋ ಹೋಗುವವರೆಗೆ ಕಾಯಬೇಕಿಲ್ಲ. 1976ರಲ್ಲಿ ಪ್ರಕಟವಾದ ಲಾಕ್‌ಮನ್ ಪರೀಕ್ಷೆಗೆ ಯಂತ್ರವೇ ಬೇಡ: ಮೊಣಕಾಲನ್ನು ತುಸು ಮಡಿಸಿ, ಒಂದು ಕೈಯಲ್ಲಿ ತೊಡೆ ಹಿಡಿದು, ಇನ್ನೊಂದರಲ್ಲಿ ಕಣಕಾಲನ್ನು ಮುಂದಕ್ಕೆ ಎಳೆಯಬೇಕು. ಗಟ್ಟಿಯಾಗಿ ತಡೆಯದೆ ಸಡಿಲವಾಗಿ ಮುಂದೆ ಬಂದರೆ ಎಸಿಎಲ್ ಹರಿದಿರುವ ಸಾಧ್ಯತೆ ಹೆಚ್ಚು. ಪಳಗಿದ ಕೈಯಾದರೆ ತಾಲ್ಲೂಕು ಆಸ್ಪತ್ರೆಯ ಮಂಚದ ಮೇಲೇ ಇದು ಆಗುತ್ತದೆ.

ಹರಿದದ್ದು ಖಚಿತವಾದ ಮೇಲೆ ಎಲ್ಲರಿಗೂ ಶಸ್ತ್ರಚಿಕಿತ್ಸೆ ಬೇಕೇ ಎಂಬುದರಲ್ಲಿ ಒಮ್ಮತವಿಲ್ಲ. ಸ್ವೀಡನ್ನಿನಲ್ಲಿ 121 ಯುವಜನರ ಮೇಲೆ ನಡೆಸಿ 2010ರಲ್ಲಿ ಪ್ರಕಟಿಸಿದ ಪ್ರಯೋಗದಲ್ಲಿ, ಮೊದಲು ವ್ಯಾಯಾಮ, ಬೇಕಾದರೆ ನಂತರ ಶಸ್ತ್ರಚಿಕಿತ್ಸೆ ಎಂಬ ಗುಂಪಿನ ಅರ್ಧಕ್ಕಿಂತ ಹೆಚ್ಚು ಮಂದಿಗೆ ಎರಡು ವರ್ಷಗಳಲ್ಲಿ ಎಸಿಎಲ್ ಶಸ್ತ್ರಚಿಕಿತ್ಸೆಯ ಅಗತ್ಯವೇ ಬರಲಿಲ್ಲ. ಆ ಪ್ರಯೋಗದಲ್ಲಿ ವೃತ್ತಿಪರ ಆಟಗಾರರನ್ನು ಸೇರಿಸಿಕೊಂಡಿರಲಿಲ್ಲ. ಪಂತ್ ಅಥವಾ ಪವನ್‌ಗೆ ಅದರಿಂದ ಉತ್ತರ ಸಿಗದು. ಹೊಲದ ಕೆಲಸದ ನಡುವೆ ಟೂರ್ನಿ ಆಡುವ ಶಹಾಪುರದ ರೈಡರ್‌ಗೆ ಅದು ಹೆಚ್ಚು ಹತ್ತಿರದ್ದು.